ಹಸಿರು ಚೀಲ, ಹಳದಿ ಫ್ರಾಕು

ಮನೆ, ನಿನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಕುರ್ಚಿ
ತಾರೀಖು ಹದಿನಾಲ್ಕು, ಭಾನುವಾರ

ಮನೆಯೊಡತಿಗೆ, ಮನೆ ಕಾಯುವವನ ಪ್ರೀತಿಯ ವಂದನೆ.

ಕ್ಷೇಮ ಸಮಾಚಾರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಗುರುವಾರ ಸಂಜೆ, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ನಾನು ಈ ಮನೆಯೊಳಕ್ಕೆ ಒಂದು ಪ್ಲಾಸ್ಟಿಕ್ ಕವರ್ ತಂದಿದ್ದೇನೆ. ನೀಲಿ ಬಣ್ಣದ್ದು, ಮುಟ್ಟಿದರೆ ಸಾಕು, ಚರಚರ ಎಂದು ಬೀದಿಗೆಲ್ಲ ಚಾಡಿ ಹೇಳುವಂಥದ್ದು. ಎದುರುಮನೆಯ ಟೀಚರಮ್ಮ ಕಿಟಕಿಯಿಂದ ನೋಡಿದರು. ಅವರು ನಿನಗೆ ಫೋನ್ ಮಾಡುವ ಮೊದಲೇ ಆರೋಪಿ ಶರಣಾಗುವುದು ಮೇಲು. ಕವರಿನೊಳಗೆ ಏನಿತ್ತು ಅನ್ನುವುದನ್ನು ಮಾತ್ರ ನ್ಯಾಯಾಲಯ ಸದ್ಯಕ್ಕೆ ಕೇಳಬಾರದು.

ನಿಮ್ಮಕ್ಕನ ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದರಾ? ಕಾಲಿಗೆ ಕೆಲಸ ಇಲ್ಲದಾಗ ಬಾಯಿಗೆ ಎರಡು ಪಾಲು ಕೆಲಸ ಬೀಳುತ್ತದೆ, ಹಾಗಾಗಿ ನಿನ್ನ ಕಿವಿಯ ಕ್ಷೇಮವನ್ನೂ ವಿಚಾರಿಸುತ್ತಿದ್ದೇನೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಕ್ಕನ ಕಾಲು ನೋಡಿಕೊಳ್ಳುವ ಭರದಲ್ಲಿ ಸ್ವಂತ ಕಾಲನ್ನು ಮರೆತೆಯೋ? ಮಗಳು ಮೊನ್ನೆ ಫೋನ್ ಮಾಡಿದ್ದಳು. ಏಳು ತಿಂಗಳು ತುಂಬಿತು, ಮಗು ಒಳಗಿಂದಲೇ ಒದೆಯುತ್ತದಂತೆ, ನಿನ್ನ ವಂಶವೇ. ಅವಳದ್ದೂ ಅದೇ ಪ್ರಶ್ನೆ: “ಅಪ್ಪಾ, ಅಮ್ಮ ಹೊದಿಕೆ ಶುರು ಮಾಡಿದ್ಲಾ? ನಾನು ಅಂಗಡೀದು ಒಂದೂ ತಗೊಂಡಿಲ್ಲ, ಗೊತ್ತಲ್ಲ.” ಗೊತ್ತು. ಬಾತುಕೋಳಿ ಚಿತ್ರದ ಅವಳ ಮೊದಲ ಹಳದಿ ಫ್ರಾಕಿನಿಂದ ಹಿಡಿದು ಶಾಲೆಯ ಲಂಗದವರೆಗೆ ಎಲ್ಲವನ್ನೂ ಒಗೆದು, ಮಡಚಿ, ಹಳೆಯ ದಿಂಬಿನ ಚೀಲದೊಳಗೆ ಗಂಟು ಕಟ್ಟಿ ನೀನು ಮಂಚದ ಕೆಳಗೆ ಇಟ್ಟಿದ್ದು, ಅದರಿಂದಲೇ ಮೊಮ್ಮಗುವಿಗೆ ಹೊದಿಕೆ ಹೊಲಿಯುತ್ತೇನೆ ಎಂದಿದ್ದು, ಹೊರಡುವಾಗ ಆಟೋದೊಳಗಿಂದ ತಲೆ ಹೊರಗೆ ಹಾಕಿ “ರೀ, ಗಂಟು ಜೋಪಾನ, ಇಲಿ ಬಾಯಿಗೆ ಹಾಕ್ಬೇಡಿ” ಎಂದು ಕೂಗಿದ್ದು, ಎಲ್ಲ ನೆನಪಿದೆ. ಇಲಿ ಮುಟ್ಟಿಲ್ಲ, ಆಣೆ. ಗಂಟಿನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನನ್ನ ಸುಧಾರಣೆಯ ವರದಿ ಕೇಳು. “ನೀವು ಅಂಗಡಿಗೆ ಹೋದ್ರೆ ಅಂಗಡೀನೇ ಮನೆಗೆ ಬರುತ್ತೆ” ಎಂದು ಬೈಯುತ್ತಿದ್ದೆಯಲ್ಲ, ಸುಳ್ಳೇನಲ್ಲ. ಸೋಪು ತರಲು ಹೋದವನು ಬಕೆಟ್ ತಂದಿದ್ದೇನೆ, ಯಾಕೆಂದರೆ ಸೋಪಿನ ಜೊತೆ ಬಕೆಟ್ಟಿಗೆ ಅರ್ಧ ಬೆಲೆ. ಪ್ಲಾಸ್ಟಿಕ್ ಬಿಡುತ್ತೇನೆಂದು ಶಪಥ ಮಾಡಿದ ಮೇಲೂ ಚೀಲ ಒಯ್ಯಲು ಮರೆತು, ನಾಚಿಕೆಗೆ ಪ್ರತಿ ಸಲವೂ ಹೊಸ ಬಟ್ಟೆಚೀಲ ಕೊಂಡು, ಅಡುಗೆಮನೆ ಬಾಗಿಲ ಹಿಂದೆ ಚೀಲಗಳ ಒಂದು ಅವಿಭಕ್ತ ಕುಟುಂಬವನ್ನೇ ಬೆಳೆಸಿದ್ದೆ. ಪರಿಸರ ಉಳಿಸಲು ಹೋಗಿ ಬಾಗಿಲು ಮುಚ್ಚದ ಹಾಗಾಯಿತು. ಈಗ ಅದೆಲ್ಲ ಹಳೆಯ ಕಥೆ. ನೀನು ಹೋದ ಮರುವಾರ ಒಂದು ಹಸಿರು ಚೀಲ ಬಂದಿದೆ: ದಪ್ಪ ಬಟ್ಟೆ, ಮೇಲೊಂದು ಎಲೆಯ ಚಿತ್ರ. ಬಿಟ್ಟಿ ಬಂತು. ಅದರ ಹಿಡಿಕೆಗೆ ಸ್ಕೂಟರ್ ಕೀಲಿ ಕಟ್ಟಿಬಿಟ್ಟೆ, ಚೀಲ ಮರೆತರೆ ಗಾಡಿ ಹೊರಡುವುದೇ ಇಲ್ಲ. ಅಂದಿನಿಂದ ಒಂದು ದಿನವೂ ಮರೆತಿಲ್ಲ! ಬೇಳೆಯನ್ನು ನಮ್ಮದೇ ಡಬ್ಬಿಯಲ್ಲಿ ಅಳೆಸಿಕೊಳ್ಳುತ್ತೇನೆ. ಹಿಂದೆ ನಿಂತವರು ಗೊಣಗಿದರೆ ಭೂಮಿತಾಯಿಯ ಪರವಾಗಿ ಮುಗುಳ್ನಗುತ್ತೇನೆ. ಕಾಲೇಜಿನಲ್ಲಿ ಚೀಲ ಎತ್ತಿ ತೋರಿಸಿ ಭಾಷಣವನ್ನೂ ಮಾಡಿದೆ: “ಹೊಸದನ್ನು ಕೊಳ್ಳುವ ಮೊದಲು, ಹಳೆಯದು ಇನ್ನೂ ಏನು ಮಾಡಬಲ್ಲದು ಎಂದು ಕೇಳಿ.” ಚಪ್ಪಾಳೆಯೋ ಚಪ್ಪಾಳೆ. ಹುಡುಗರು ನನ್ನನ್ನು ಈಗ ‘ಚೀಲದ ಮೇಷ್ಟ್ರು’ ಎನ್ನುತ್ತಾರೆ. ಆ ಮಾತು ನಿನ್ನದು, ಹರಿದ ಬೆಡ್‌ಶೀಟನ್ನು ನಾನು ಎಸೆಯಲು ಹೊರಟಾಗ ಹೇಳಿದ್ದು, ಎಂದು ಅಲ್ಲಿ ಹೇಳಲಿಲ್ಲ. ಹೇಳಬೇಕಿತ್ತು.

ನೀನಿಲ್ಲದೆ ಈ ಕೋಣೆಯಲ್ಲಿ ಸದ್ದಿಲ್ಲ. ಮೆಷಿನ್ನಿನ ಡ್ರಾಯರ್ ಎಳೆದು ನೋಡಿದೆ. ಹಳದಿ ದಾರದ ಉಂಡೆ, ಪಕ್ಕದಲ್ಲಿ ಸೂಜಿ ಚುಚ್ಚಿಟ್ಟ ಹಳದಿ ಚೂರು. ಬಣ್ಣ ಹೊಂದಿಸಿ ಆಗಲೇ ತಂದಿಟ್ಟಿದ್ದೀಯ. ಮುಚ್ಚಿಬಿಟ್ಟೆ. ಈ ಮನೆಯಲ್ಲಿ ನೀನು ಭಾಷಣವಿಲ್ಲದೆ ಮಾಡುತ್ತಾ ಬಂದಿದ್ದನ್ನು ನಾನು ‘ಕಂಜೂಸುತನ’ ಎಂದು ನಕ್ಕಿದ್ದು ಎಷ್ಟು ಸಲವೋ.

ನಿಮ್ಮಕ್ಕನಿಗೆ ನಮಸ್ಕಾರ ಹೇಳು, ಬೇಗ ಎದ್ದು ಓಡಾಡಲಿ. ಓಡಾಡಿದಷ್ಟು ಬೇಗ ನೀನು ಬರುತ್ತೀಯ ಅನ್ನುವ ಸ್ವಾರ್ಥವೂ ಇದೆ.

ನಿನ್ನ,
ಚೀಲದ ಮೇಷ್ಟ್ರು

ತಾ.ಕ.: ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಗಂಟಿನ ಮಾತು ಬಾಕಿ ಇದೆ. ಹಸಿರು ಚೀಲ ಬಿಟ್ಟಿ ಬರಲಿಲ್ಲ ಕಣೇ. ‘ಒಂದು ಮೂಟೆ ಹಳೆ ಬಟ್ಟೆ ತನ್ನಿ, ಹಸಿರು ಚೀಲ ಒಯ್ಯಿರಿ’ ಎಂದು ಅಂಗಡಿ ಮುಂದೆ ಬೋರ್ಡು ಹಾಕಿದ್ದರು, ಅವತ್ತೇ ಕೊನೆಯ ದಿನ. ನನ್ನ ಹಳೆ ಷರಟುಗಳನ್ನು ಕಟ್ಟಿದೆ. ಇನ್ನೂ ಹಾಕಬಹುದಲ್ಲ ಎನಿಸಿ ಬಿಚ್ಚಿದೆ. ಆಮೇಲೆ ಮಂಚದ ಕೆಳಗೆ ಕೈ ಹಾಕಿದೆ. ಚಿಂದಿ ತಾನೆ, ಹೊಲಿಯುವ ಹೊತ್ತಿಗೆ ಇದಕ್ಕಿಂತ ಚೆಂದದ ಬಟ್ಟೆ ಕೊಂಡು ಕೊಟ್ಟರಾಯಿತು ಎಂದುಕೊಂಡೆ. ಮರೆತು ಕೊಟ್ಟಿದ್ದಲ್ಲ, ಗೊತ್ತಿದ್ದೇ ಕೊಟ್ಟೆ.

ಗುರುವಾರ ಬೆಳಿಗ್ಗೆ ಸ್ಕೂಟರನ್ನು ಗ್ಯಾರೇಜಿಗೆ ಬಿಟ್ಟಿದ್ದೆ. ಸಂಜೆ ತರಲು ಹೋದರೆ, ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯ ಮೇಲೆ ಬಾತುಕೋಳಿಗಳು. ಹಳದಿ ಫ್ರಾಕು. “ಹಳೇ ಹತ್ತಿ ಸಾರ್, ಎಣ್ಣೆ ಹೆಂಗೆ ಹೀರುತ್ತೆ ನೋಡಿ. ಹಸಿರು ಚೀಲ ಕೊಡೋ ಅಂಗಡಿಯವರು ಮಾರಿದ್ದು, ಯಾರೋ ಪುಣ್ಯಾತ್ಮರು ಮೂಟೆಗಟ್ಟಲೆ ಕೊಟ್ಟಿದ್ದಾರಂತೆ” ಎಂದ. ಪುಣ್ಯಾತ್ಮ ಎದುರಿಗೇ ನಿಂತಿದ್ದ. ಅವನ ಮೂಟೆಯನ್ನೆಲ್ಲ ಕೆದಕಿದೆ. ಉಳಿದವು ಅಂಗೈಯಗಲ ಚೂರಾಗಿ, ಕಪ್ಪಾಗಿ ಹೋಗಿದ್ದವು. ಫ್ರಾಕನ್ನು ಬೇಡಿ ತಂದು ಒಗೆದೆ, ಮತ್ತೆ ಮತ್ತೆ ಒಗೆದೆ. ಬಾತುಕೋಳಿಗಳು ಕಾಗೆಗಳಾಗಿವೆ. ನನ್ನ ಷರಟುಗಳನ್ನೆಲ್ಲ ಕತ್ತರಿಸಿ ಇಟ್ಟಿದ್ದೇನೆ, ಒಳ್ಳೆಯವನ್ನೂ ಸೇರಿಸಿ. ಹೊದಿಕೆಯ ನಡುವೆ ಈ ಫ್ರಾಕು ಹೊಂದುತ್ತದೆಯೋ ಏನೋ, ನೀನೇ ಬಂದು ನೋಡಬೇಕು. ಮಗಳಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ.

ಇನ್ನೊಂದು. ‘ಒಂದು ದಿನವೂ ಮರೆತಿಲ್ಲ’ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ ಓದಿಕೋ. ಬೆಳಿಗ್ಗೆ ಕೀಲಿಯನ್ನು ಚೀಲದಿಂದ ಬಿಚ್ಚಿ ಗ್ಯಾರೇಜಿನವನಿಗೆ ಕೊಟ್ಟಿದ್ದೆನಲ್ಲ, ಸಂಜೆ ಬರಿಗೈಯಲ್ಲಿ ನಡೆದು ಹೋಗಿದ್ದೆ. ನಮ್ಮ ಮಗಳ ಫ್ರಾಕು ಮನೆಗೆ ಬಂದದ್ದು ಆ ನೀಲಿ ಪ್ಲಾಸ್ಟಿಕ್ ಕವರಿನಲ್ಲಿ. ಆ ಫ್ರಾಕನ್ನು ಕೊಟ್ಟು ಪಡೆದ ಹಸಿರು ಚೀಲ ಬಾಗಿಲ ಹಿಂದೆ, ಉಳಿದ ಚೀಲಗಳ ಜೊತೆ, ಖಾಲಿ ನೇತಾಡುತ್ತಿತ್ತು.