ನಿಮ್ಮ ಡ್ರಾಯರಿನಲ್ಲಿ ನನ್ನ ತಮ್ಮನ ಉಸಿರಿದೆ

ಕಾರಾಗೃಹದ ಮುಖ್ಯಾಧಿಕಾರಿಗಳೇ,

'ಮಾನ್ಯರೇ' ಎಂದು ಬರೆಯಲು ಕೈ ಏಳಲಿಲ್ಲ, ಕ್ಷಮಿಸಿ. ಕ್ಷಮಿಸದಿದ್ದರೂ ಚಿಂತೆಯಿಲ್ಲ. ನಿಮ್ಮ ಮೇಜಿನ ಎಡಗಡೆಯ ಡ್ರಾಯರಿನಲ್ಲಿ, ಬೀಗದ ಕೈಗಳ ಪಕ್ಕ, ಒಂದು ನೀಲಿ ಇನ್ಹೇಲರ್ ಬಿದ್ದಿದೆ. ಅದು ನನ್ನ ತಮ್ಮನದು. ಅವನ ಎದೆಯೊಳಗಿನ ಗಾಳಿಯ ಕೊಳವೆಗಳು ಬಿಗಿದುಕೊಂಡಾಗ ಅವನ್ನು ಸಡಿಲಿಸುವ ಔಷಧಿ ಅದರಲ್ಲಿದೆ. ಅದನ್ನು ಅವನ ಜೇಬಿನಿಂದ ಕಿತ್ತು ಡ್ರಾಯರಿಗೆ ಹಾಕಿದಿರಿ, ಅವನನ್ನು ಹತ್ತಿ ಹಿಂಜುವ ಶೆಡ್ಡಿಗೆ ಹಾಕಿದಿರಿ. ಕೊಲ್ಲಲೇಬೇಕೆಂದಿದ್ದರೆ ಒಂದು ಹಗ್ಗ ಸಾಲದಿತ್ತೇ? ಅಷ್ಟೊಂದು ಹತ್ತಿ ಯಾಕೆ ಹಾಳುಮಾಡುತ್ತೀರಿ?

ನನ್ನ ತಮ್ಮ ಸಾಧು ಎಂದು ನಾನು ವಾದಿಸುವುದಿಲ್ಲ. ಅವನು ಕೆಲಸಕ್ಕಿದ್ದ ಮಿಲ್ಲಿನ ಮೇಸ್ತ್ರಿಯ ಕೈ ಮುರಿದವನು ಅವನೇ. ಅಲ್ಲಿ ಹತ್ತಿ ಹಿಂಜುವ ಕೋಣೆಯ ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು, ಗಾಳಿ ಬಂದರೆ ಹತ್ತಿ ಹಾರಿ ನಷ್ಟವಾಗುತ್ತದಂತೆ. ಒಳಗಿದ್ದವರ ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ. ಅಲ್ಲಿ 'ತಾತ' ಎಂದು ಎಲ್ಲರೂ ಕರೆಯುವ ಹಿರಿಯ ಕೆಲಸಗಾರರೊಬ್ಬರು ಒಂದು ಮಧ್ಯಾಹ್ನ ಕುಸಿದು ಬಿದ್ದು ನೆಲ ಪರಚತೊಡಗಿದರು. ತುಟಿ ನೀಲಿ, ಗಂಟಲಿನ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿದೆ. ತಮ್ಮ ಸರಳೆತ್ತಿಕೊಂಡು ಕಿಟಕಿಗಳನ್ನು ಪುಡಿ ಮಾಡಿದ. ಮೇಸ್ತ್ರಿ ಓಡಿಬಂದು ಅವನ ಕತ್ತು ಹಿಡಿದು ಗೋಡೆಗೆ ಒತ್ತಿ, "ನಿಮ್ಮಪ್ಪ ಹಾಕಿಸಿದ್ನೇನೋ ಈ ಗಾಜು?" ಎಂದು ಹಿಸುಕಿದ. ಗಾಜಾದ ಮೇಲೆ ಮುರಿದದ್ದು ಮೂಳೆ. ತಾತ ಬದುಕಿಕೊಂಡರು. ತಮ್ಮನಿಗೆ ಶಿಕ್ಷೆಯಾಯಿತು. ಆಗಲಿ, ಮೂಳೆ ಮುರಿದವನಿಗೆ ಶಿಕ್ಷೆಯಾಗಬೇಕು. ಆದರೆ ನ್ಯಾಯಾಧೀಶರು ಕೊಟ್ಟದ್ದು ಜೈಲು, ಉಸಿರುಗಟ್ಟಿಸಿ ಸಾಯಿಸಿ ಎಂದು ಅವರು ಎಲ್ಲಿ ಹೇಳಿದರು?

ಜೈಲಿಗೆ ಬಂದ ದಿನ ನೀವು ಅವನ ಕಸುಬು ಕೇಳಿದಿರಿ. ಹತ್ತಿ ಹಿಂಜುವವನು ಎಂದ. ತಕ್ಷಣ, "ಭೇಷ್, ಅನುಭವಸ್ಥ" ಎಂದು ಹತ್ತಿ ಹಿಂಜಿ ಕೈದಿಗಳ ಹಾಸಿಗೆ ತುಂಬುವ ಶೆಡ್ಡಿಗೆ ಕಳಿಸಿದಿರಿ. ಎಂಥ ಜಾಣತನ! ಮುಳುಗಿ ಎದ್ದು ಬಂದವನನ್ನು ನೀರಿನ ಅನುಭವವಿದೆ ಎಂದು ಬಾವಿಗೇ ತಳ್ಳುವುದು.

ಹತ್ತಿ ಹಿಂಜುವವರಲ್ಲಿ ಒಂದು ಹುಚ್ಚು ಪದ್ಧತಿಯಿದೆ, ಕೇಳಿ. ಅವರು ವಾರದ ರಜೆ ತೆಗೆದುಕೊಳ್ಳುವುದಿಲ್ಲ. ರಜೆ ಮುಗಿಸಿ ಬಂದ ದಿನವೇ ಎದೆಗೆ ಹಗ್ಗ ಬಿಗಿದಂತಾಗುತ್ತದೆ, ಕೆಮ್ಮು ಬಿಡುವುದಿಲ್ಲ. ಮುಂದಿನ ದಿನಗಳಲ್ಲಿ ಸ್ವಲ್ಪ ಹಗುರ. ಹಾಗಾಗಿ ರೋಗ ಬರುವುದು ರಜೆಯಿಂದಲೇ ಎಂದು ಅವರ ಲೆಕ್ಕ! ನನ್ನ ತಮ್ಮನೂ ಭಾನುವಾರ ಮನೆಯಲ್ಲಿ ಕೂರುತ್ತಿರಲಿಲ್ಲ. "ಅಕ್ಕಾ, ಸುಮ್ನೆ ಕೂತ್ರೆ ಎದೆ ತುಕ್ಕು ಹಿಡಿಯುತ್ತೆ" ಎನ್ನುತ್ತಿದ್ದ. ಕೊನೆಗೆ ಎದೆರೋಗದ ಡಾಕ್ಟರಮ್ಮ ಬೈದು ತಿಳಿಹೇಳಿದರು: "ರಜೆ ಅಲ್ಲ ಕಣಪ್ಪ, ಧೂಳು. ಒಂದು ದಿನ ಬಿಟ್ಟು ಮತ್ತೆ ಧೂಳು ಕುಡಿದ್ರೆ ಕೊಳವೆಗಳು ಸಿಟ್ಟಿಗೇಳುತ್ವೆ. ಆಮೇಲೆ ಹಗುರ ಆಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ. ಒಳಗೊಳಗೇ ಹಾಳಾಗ್ತಿರುತ್ತೆ." ಕೊಳವೆಯ ಸುತ್ತಲ ಸ್ನಾಯು ಬಿಗಿಯುತ್ತದೆ, ಒಳಗೋಡೆ ಊದುತ್ತದೆ, ಕಫ ಕಟ್ಟುತ್ತದೆ. ಬಿಗಿದಾಗ ಸಡಿಲಿಸಲು ನೀಲಿ ಇನ್ಹೇಲರ್, ಊತ ಇಳಿಸಲು ಬೆಳಿಗ್ಗೆ ಸಂಜೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಔಷಧಿ, ಧೂಳಿನಿಂದ ದೂರ ಇರುವುದು.

ನಿಮ್ಮ ಜೈಲಿನಲ್ಲೂ ಭಾನುವಾರ ರಜೆ. ಹಾಗಾಗಿ ಪ್ರತಿ ಸೋಮವಾರ ಅವನು ಕುಸಿಯುತ್ತಾನೆ. ನಿಮ್ಮ ವಾರ್ಡರ್ ಅದಕ್ಕೆ 'ಸೋಮವಾರದ ನಾಟಕ' ಎಂದು ಹೆಸರಿಟ್ಟಿದ್ದಾನೆ. ಮೊನ್ನೆ ಸೋಮವಾರ ಮೊಣಕಾಲೂರಿ ಗಾಳಿಗಾಗಿ ಬಾಯಿ ಬಿಡುತ್ತಿದ್ದವನ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದಿದ್ದಾನೆ. ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಉಬ್ಬಿ ನಿಂತ ಎದೆಗೆ ಒದೆ! ಭೇಟಿಯ ಕೋಣೆಯ ಜಾಲರಿಯ ಆಚೆ ನಿಂತು ತಮ್ಮ ಇದನ್ನು ಒಂದೊಂದೇ ಪದ ಮಾಡಿ ಹೇಳಿದ. "ಅಕ್ಕ... ಪಂಪು... ಕೊಡಿಸೇ." ಇನ್ಹೇಲರನ್ನು ಅವನು ಕರೆಯುವುದೇ ಪಂಪು ಎಂದು. ನಡುವೆ ಸುಂಯ್ ಸುಂಯ್ ಸದ್ದು. ಆ ಜಾಲರಿ ಹರಿದು ವಾರ್ಡರನ ಬಾಯಿಗೆ ತುರುಕಬೇಕೆನಿಸಿತು ನನಗೆ. ಸಿಟ್ಟು ನಮ್ಮ ಮನೆತನದ್ದು, ಏನು ಮಾಡುವುದು.

ಅಲ್ಲಿಂದ ನೇರ ನಿಮ್ಮ ಕೋಣೆಗೆ ಬಂದೆ. ನೀವೇ ಡ್ರಾಯರ್ ಎಳೆದು ತೋರಿಸಿದಿರಿ. "ನೋಡಮ್ಮ, ಭದ್ರವಾಗಿದೆ. ಬಿಡುಗಡೆ ದಿನ ಕೊಡ್ತೀವಿ. ಇದೆಲ್ಲ ಚಟ ಆಗ್ಬಿಡುತ್ತೆ" ಎಂದಿರಿ.

"ಉಸಿರಾಡೋದು ಚಟಾನಾ ಸಾರ್?" ಎಂದೆ.

"ಎಲ್ಲರನ್ನೂ ಕೇಳ್ಕೊಂಡು ಕೆಲಸ ಹಂಚೋಕಾಗುತ್ತಾ?" ಎಂದು ನಕ್ಕಿರಿ.

ನಿಜ, ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಆದರೆ ನನ್ನ ತಮ್ಮ ಕೋಳಿಯಲ್ಲ. ಸಹಿ ಹಾಕುವ ಆ ಪೆನ್ನಿನ ರೀಫಿಲ್ ತೆಗೆಯಿರಿ. ಖಾಲಿ ಕೊಳವೆ ಬಾಯಲ್ಲಿಟ್ಟು, ಮೂಗು ಹಿಡಿದುಕೊಂಡು, ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ. ಅರ್ಧಕ್ಕೇ ಕಣ್ಣು ಕತ್ತಲೆ ಬಂದು ಮೂಗು ಬಿಟ್ಟುಬಿಡುತ್ತೀರಿ. ಅವನು ಏನನ್ನು ಬಿಡಬೇಕು? ಮೇಲೆ ಬಂದು ತಲುಪಿದಾಗ ವಾರ್ಡರನನ್ನು ಕರೆದು ಪಕ್ಕೆಗೊಂದು ಒದೆಸಿಕೊಳ್ಳಿ. ಆಮೇಲೆ ಚಟದ ವಿಚಾರ ಚರ್ಚಿಸೋಣ.

ನಾನು ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಬಸ್ಸುಗಳನ್ನು ಕೂಗುವವಳು. ಉಸಿರು ಕಟ್ಟದೆ ಊರುಗಳ ಹೆಸರು ಒಪ್ಪಿಸುವುದೇ ನನ್ನ ಹೊಟ್ಟೆಪಾಡು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನನಗೆ ಇಷ್ಟೊಂದು ಗಾಳಿ, ಅವನಿಗೆ ಒಂದು ಗುಟುಕೂ ಇಲ್ಲ. ಆ ಸಂಕಟಕ್ಕೇ ಕೂಗುತ್ತಿದ್ದೇನೆ.

ಅವನ ಶಿಕ್ಷೆ ಕಡಿಮೆ ಮಾಡಿ ಎಂದು ನಾನು ಬೇಡುತ್ತಿಲ್ಲ. ಅಡುಗೆಮನೆಯ ಹೊಗೆ ಬೇಡ, ಹತ್ತಿಯ ಧೂಳು ಬೇಡ. ಬಯಲಿನಲ್ಲಿ ಕಲ್ಲು ಹೊರಿಸಿದರೂ ಹೊರುತ್ತಾನೆ. ಎರಡೂ ಇನ್ಹೇಲರ್ ಅವನ ಕೈಯಲ್ಲಿರಲಿ. ವಾರ್ಡರನ ಜೇಬಿನಲ್ಲಲ್ಲ, ಅವನ ಕೈಯಲ್ಲಿ. ಎದೆಯ ಡಾಕ್ಟರೊಬ್ಬರು ಬಂದು ನೋಡಲಿ. ಒದ್ದ ಕಾಲಿಗೂ ಒಂದು ಕಾನೂನು ಇರಬೇಕಲ್ಲ, ಅದನ್ನು ಹುಡುಕಿ.

ಈ ಪತ್ರ ಅಚ್ಚಾಗುವುದು ಭಾನುವಾರದ ಪತ್ರಿಕೆಯಲ್ಲಿ. ಅಂದರೆ ನೀವು ಕಾಲು ಚಾಚಿ ಓದುತ್ತಿರುವ ಈ ಹೊತ್ತಿಗೆ ಅವನಿಗೂ ರಜೆ, ಅವನ ಎದೆಗೂ ರಜೆ. ನಾಳೆ ಸೋಮವಾರ. ಎದ್ದು ಹೋಗಿ ಡ್ರಾಯರ್ ತೆಗೆಯಿರಿ.

ಇಂತಿ,
ತಮ್ಮನಿಗೆ ಕೊಡಲಾಗದಷ್ಟು ಉಸಿರು ಇಟ್ಟುಕೊಂಡು ಕೂತಿರುವ
ನಿಮ್ಮ ಕೈದಿಯ ಅಕ್ಕ