ಹದಿನೆಂಟು ಮಾರು ಆಳದ ಕಲ್ಲು

ಬೇಲೆಕೇರಿ
ಭಾನುವಾರ

ನಿತೇಶ,

ಕ್ಷೇಮವೇ ಎಂದು ಕೇಳುವ ಮನಸ್ಸಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸಮುದ್ರದ ತಳವನ್ನು ಪರದೆಯಲ್ಲಿ ತೋರಿಸುವ ನಮ್ಮ ಬೋಟಿನ ಫಿಶ್ ಫೈಂಡರನ್ನು ನಾನೇ ಬಿಚ್ಚಿದೆ. ನಾಲ್ಕು ವರ್ಷದ ಹಿಂದೆ ನೀನು ಅದರೊಳಗೆ ಏನು ಮಾಡಿಟ್ಟಿದ್ದೆಯೋ ಅದನ್ನು ನೋಡಿದೆ. ಈಗ ನೀನು ಫೋನ್ ಎತ್ತುತ್ತಿಲ್ಲ. ಅಂಗಡಿಗೆ ಬೀಗ ಹಾಕಿ ಮಲ್ಪೆಗೆ ಹೋಗಿ ಕೂತಿದ್ದೀಯಂತೆ. ಆದ್ದರಿಂದ ಈ ಕಾಗದವನ್ನು ನಿನ್ನ ಹೆಂಡತಿ ಬೇಬಿ ವೈನಿಯ ಕೈಗೆ ಕೊಡುತ್ತಿದ್ದೇನೆ. ಅಂಟು ಹಾಕಿಲ್ಲ. ಅವಳು ಓದಿದರೆ ಓದಲಿ.

ಕೈತಪ್ಪಿದ ಸಿಗಡಿಗಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡ. ಸಮುದ್ರದಲ್ಲಿ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಸಿಗುತ್ತದೆ. ನಾನು ಬರೆಯುತ್ತಿರುವುದು ಅಪ್ಪನಿಗಾಗಿ. ನಿನ್ನ ಕೆಲಸದಿಂದ ಅವನು ತನ್ನ ನೆನಪನ್ನೇ ನಂಬುವುದು ಬಿಟ್ಟಿದ್ದಾನೆ. ಅದನ್ನು ಸರಿ ಮಾಡಲು ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ. ಏನೆಂದು ಕೊನೆಗೆ ಹೇಳುತ್ತೇನೆ, ಮೊದಲು ಉಳಿದದ್ದನ್ನು ಕೇಳು.

ಜೂನ್ ಒಂದಕ್ಕೆ ಮೀನುಗಾರಿಕೆ ಬಂದ್ ಆದರೆ ಎರಡು ತಿಂಗಳು ಬೋಟು ನಡೆಸುವ ತಾಂಡೇಲನಾದವನಿಗೆ ಮಾಡಲು ಏನಿರುತ್ತದೆ? ನಾನು ಬೆಳಿಗ್ಗೆ ಬಸ್ ಹತ್ತಿ ಕಾರವಾರಕ್ಕೆ ಬರುತ್ತಿದ್ದೆ. ಬೈತಖೋಲ ಬಂದರಿನ ರಸ್ತೆಯಲ್ಲಿರುವ ನಿನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀನು ರಿಪೇರಿಗೆ ಬಿಚ್ಚಿಟ್ಟ ಟಿವಿ, ಫಿಶ್ ಫೈಂಡರ್ ಸೆಟ್ಟುಗಳನ್ನು ನೋಡುತ್ತಿದ್ದೆ. ಅಂಕೋಲೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ವಿಜ್ಞಾನದ ಪಾಠ ನಡೆಯುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ನೀನು ನನ್ನ ಪಾಲಿನದನ್ನೂ ಸೇರಿಸಿ ಕೇಳುತ್ತಿದ್ದೆ. ಐಟಿಐ ಮುಗಿಸಿ ನೀನು ಮೆಕ್ಯಾನಿಕ್ ಆದೆ, ನಾನು ಅಪ್ಪನ ಹಿಂದೆ ಸಮುದ್ರಕ್ಕೆ ಹೋದೆ. ನಲವತ್ತು ದಾಟಿದ ಮೇಲೆ ನನಗೆ ಕಲಿಯುವ ಚಪಲ ಹುಟ್ಟಿತು. ನೀನು ಬೇಸರ ಮಾಡಿಕೊಳ್ಳದೆ ಹೇಳಿಕೊಟ್ಟೆ. ಅಷ್ಟರ ಮಟ್ಟಿಗಿನ ಉಪಕಾರವನ್ನು ನಾನು ಇಲ್ಲವೆನ್ನುವುದಿಲ್ಲ.

ನಮ್ಮ ಫಿಶ್ ಫೈಂಡರಿನಲ್ಲೂ ಇರುವಂಥ ಹಳೆ ಪಿಕ್ಚರ್ ಟ್ಯೂಬಿನ ಕುತ್ತಿಗೆಯಲ್ಲಿ ಕೆಂಪಗೆ ಉರಿಯುವುದನ್ನು ತೋರಿಸಿ, ಇದು ಹೀಟರ್, ಇದು ಕಾದರೆ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ ಎಂದಿದ್ದೆ. ಅವನ್ನು ಪರದೆಯತ್ತ ಎಳೆಯಲು ಇಪ್ಪತ್ತು ಸಾವಿರ ವೋಲ್ಟ್ ಬೇಕು. ಅದು ಲೈನ್ ಟ್ರಾನ್ಸ್‌ಫಾರ್ಮರಿನಿಂದ ಹೊರಟು, ದಪ್ಪ ಕೆಂಪು ವೈರಿನಲ್ಲಿ ಹರಿದು, ಟ್ಯೂಬಿನ ಬೆನ್ನಿಗೆ ಅಂಟಿದ ರಬ್ಬರ್ ಟೋಪಿಯೊಳಗೆ ಹೋಗುತ್ತದೆ. ಸ್ವಿಚ್ ಆಫ್ ಮಾಡಿದರೂ ಆ ಕರೆಂಟು ಗಾಜಿನಲ್ಲಿ ನಿಂತಿರುತ್ತದೆ. ಒಮ್ಮೆ ನಾನು ಗೊತ್ತಿಲ್ಲದೆ ಅಲ್ಲಿಗೆ ಕೈ ಚಾಚಿದಾಗ ನೀನು ಹಾರಿ ಬಂದು ನನ್ನ ಕೈ ಎಳೆದುಕೊಂಡಿದ್ದೆ, ನಿನ್ನ ಮುಖ ಬಿಳಿಚಿಕೊಂಡಿತ್ತು. ಪರದೆಯ ಒಳಮೈಗೆ ಬಳಿದ ಪುಡಿಗೆ ಎಲೆಕ್ಟ್ರಾನ್ ಬಡಿದರೆ ಬೆಳಕು, ಆದರೆ ಅದು ಒಂದೇ ಚುಕ್ಕೆ. ಒಂದು ಚುಕ್ಕೆಯಿಂದ ಇಡೀ ಚಿತ್ರ ಹೇಗಾಗುತ್ತದೆ ಎಂದು ಕೇಳಿದಾಗ ನೀನು ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗಳನ್ನು ತೋರಿಸಿದೆ. ಒಂದು ಜೋಡಿ ಸುರುಳಿ ಚುಕ್ಕೆಯನ್ನು ಎಡದಿಂದ ಬಲಕ್ಕೆ ಓಡಿಸುತ್ತದೆ, ಸೆಕೆಂಡಿಗೆ ಹದಿನೈದು ಸಾವಿರ ಸಲ. ಇನ್ನೊಂದು ಜೋಡಿ ಅದನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತದೆ, ಸೆಕೆಂಡಿಗೆ ಐವತ್ತು ಸಲ. ಅಂಗಳ ಗುಡಿಸುವವರು ಒಂದು ಸಾಲು ಗುಡಿಸಿ ಒಂದು ಹೆಜ್ಜೆ ಸರಿಯುವ ಹಾಗೆ. ಓಡುವ ಚುಕ್ಕೆ ಕಣ್ಣಿಗೆ ಸಿಗುವುದಿಲ್ಲ, ಚಿತ್ರ ಮಾತ್ರ ನಿಂತಂತೆ ಕಾಣುತ್ತದೆ ಎಂದಿದ್ದೆ.

ಆಮೇಲೆ ಹಳೆ ಕ್ಯಾಲೆಂಡರಿನ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಗರಗಸದ ಹಲ್ಲು ಬರೆದೆ. ಚುಕ್ಕೆಯನ್ನು ಕೆಳಕ್ಕಿಳಿಸುವ ಕರೆಂಟು ಹೀಗೆ ಸಾವಕಾಶ ಏರಬೇಕು, ತುದಿ ಮುಟ್ಟಿದ ಕೂಡಲೇ ಧಡಕ್ಕನೆ ಬೀಳಬೇಕು, ಆಗ ಚುಕ್ಕೆ ಮತ್ತೆ ಮೇಲಕ್ಕೆ ಬರುತ್ತದೆ. ಆ ಕರೆಂಟು ಸುರುಳಿಗೆ ಹೋಗುವ ದಾರಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಕಂಡೆನ್ಸರ್. ಅದು ಹಳತಾಗಿ ಒಣಗಿದರೆ ಚುಕ್ಕೆ ಪೂರ್ತಿ ಕೆಳಗಿಳಿಯುವುದಿಲ್ಲ. ಮೇಲಿನದೆಲ್ಲ ನೆಟ್ಟಗೇ ಇರುತ್ತದೆ, ಪರದೆಯ ಬುಡದ ಎರಡು ಬೆರಳಗಲದಲ್ಲಿ ಮಾತ್ರ ಗೆರೆಯ ಮೇಲೆ ಗೆರೆ ಬಿದ್ದು ಚಿತ್ರ ಮಡಚಿಕೊಳ್ಳುತ್ತದೆ. ಅಷ್ಟು ಜಾಗದಲ್ಲಿ ಬೆಳಕು ದಪ್ಪ, ಕಾಣುವುದೆಲ್ಲ ಸುಳ್ಳು. ಕಂಡೆನ್ಸರ್ ಪೂರ್ತಿ ಸತ್ತರೆ ಪರದೆಯ ನಡುವೆ ಒಂದೇ ಅಡ್ಡಗೆರೆ ಉಳಿಯುತ್ತದೆ. ಇಷ್ಟೂ ನೀನೇ ಕಲಿಸಿದ್ದು. ಕಲಿಸಿದವನೇ ಅದೇ ಕಂಡೆನ್ಸರಿನಿಂದ ನನ್ನನ್ನು ಕುರುಡು ಮಾಡುತ್ತಾನೆಂದು ನನಗೆ ಹೇಗೆ ಹೊಳೆಯಬೇಕು?

ಅಪ್ಪನ ಜಾಗವನ್ನು ನಿನಗೆ ಹೇಳಿದವನೂ ನಾನೇ, ಅದನ್ನೂ ಮುಚ್ಚಿಡುವುದಿಲ್ಲ. ಯಾವ ಗುಡ್ಡದ ತಲೆ ಯಾವ ನಡುಗಡ್ಡೆಯ ಬೆನ್ನಿಗೆ ಬಂದು ನಿಂತಾಗ ಬಲೆ ಬಿಡಬೇಕು ಎಂಬುದನ್ನು ನಮ್ಮ ಮನೆಗಳಲ್ಲಿ ಅಪ್ಪ ಮಗನಿಗೆ ಮಾತ್ರ ಹೇಳುತ್ತಾನೆ, ಅಳಿಯನಿಗೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಅದೇ ಪದ್ಧತಿ. ಅಪ್ಪನಿಗೆ ಆ ಜಾಗ ಅವನ ಅಪ್ಪನಿಂದ ಬಂದದ್ದು. ಹದಿನೆಂಟು ಮಾರು ಆಳ, ತಳದಲ್ಲಿ ಮೆತ್ತನೆಯ ಕೆಸರು, ಆ ಕೆಸರಿನಲ್ಲಿ ಸಿಗಡಿ. ಸೀಸದ ಗುಂಡಿನ ಬುಡಕ್ಕೆ ಸಾಬೂನು ಮೆತ್ತಿ ಹಗ್ಗದಲ್ಲಿ ಇಳಿಸುತ್ತಿದ್ದ. ಅಂಟಿ ಬಂದ ಕೆಸರನ್ನು ಮೂಸಿ ಜಾಗ ಸರಿಯೋ ತಪ್ಪೋ ಹೇಳುತ್ತಿದ್ದ. ನಾಲ್ಕು ವರ್ಷದ ಹಿಂದಿನ ಆ ಮಳೆಗಾಲ ನೀನು ನಮ್ಮ ಸೆಟ್ಟನ್ನು ಸರ್ವಿಸಿಗೆಂದು ಒಯ್ಯುವಾಗ, ಹೆಚ್ಚಾಗಿ ಎಲ್ಲಿ ಬಲೆ ಬಿಡುತ್ತೀರಿ, ರೇಂಜ್ ಹೊಂದಿಸಬೇಕಲ್ಲ ಎಂದೆ. ನಾನು ಚಾ ಕುಡಿಯುತ್ತ ಗುಡ್ಡ, ನಡುಗಡ್ಡೆ, ಆಳ ಎಲ್ಲವನ್ನೂ ಒದರಿಬಿಟ್ಟೆ. ನಿನಗೆ ಹೇಳಿದರೆ ಮನೆಯೊಳಗೇ ಹೇಳಿದ ಹಾಗೆ ಎಂದುಕೊಂಡಿದ್ದೆ.

ಆಗಸ್ಟಿನಲ್ಲಿ ಸೆಟ್ಟನ್ನು ತಂದು ಕೂರಿಸಿದೆ. ಪರದೆ ಎಷ್ಟು ಆಳದವರೆಗೆ ತೋರಿಸಬೇಕೆಂಬ ರೇಂಜಿನ ಗುಂಡಿಯನ್ನು ಇಪ್ಪತ್ತು ಮಾರಿಗೆ ನಿಲ್ಲಿಸಿ ಸುತ್ತಲೂ ಎಂ-ಸೀಲ್ ಮೆತ್ತಿದ್ದೆ. ಉಪ್ಪುಗಾಳಿ ಒಳಗೆ ಹೋಗುತ್ತದೆ, ಇನ್ನು ತಿರುಗಿಸಬೇಡ ಎಂದೆ. ಪರದೆಯ ಬುಡ ದಪ್ಪಗೆ ಕಾಣುತ್ತಿತ್ತು, ಅಲ್ಲಿನ ಇಪ್ಪತ್ತು ಎಂಬ ಅಂಕಿಯನ್ನು ಓದಲಾಗುತ್ತಿರಲಿಲ್ಲ. ಇದು ನೀನು ಹೇಳಿದ ಮಡಿಕೆಯಲ್ಲವಾ ಎಂದು ನಾನು ಕೇಳಿದ್ದೆ, ನೆನಪಿದೆಯಾ? ನೀನು ನಕ್ಕೆ. "ನಾಕ್ ದಿನ ಸ್ಟೂಲ್ ಮೇಲೆ ಕೂತ್ಕಂಡು ಮೆಕ್ಯಾನಿಕ್ ಆದ್ಯಾ ಮಾರಾಯಾ? ಟ್ಯೂಬ್ ಹಳೇದು, ಅಂಚು ಹಾಂಗೇ." ನನ್ನ ಪೆದ್ದುತನಕ್ಕೆ ನಾನೂ ನಕ್ಕೆ.

ಸೀಸನ್ನಿನ ಮೊದಲ ವಾರ ಅಪ್ಪನೂ ನಮ್ಮ ಜೊತೆ ಬಂದ. ಎಪ್ಪತ್ತು ದಾಟಿದ್ದರೂ ವರ್ಷಕ್ಕೆ ಒಂದೆರಡು ಸಲ ಬರದೆ ಇರುತ್ತಿರಲಿಲ್ಲ. ದಡದ ಕಡೆ ಎಲ್ಲ ಸರಿಯಾಗಿತ್ತು, ಎಂಟು ಹತ್ತು ಮಾರಿನ ತಳ ಪರದೆಯ ನಡುವೆ ನೆಟ್ಟಗೆ ಕಾಣುತ್ತಿತ್ತು. ಅಪ್ಪ ಗುಡ್ಡ ನೋಡಿಕೊಂಡು ಜಾಗ ಬಂತು, ಬಲೆ ಬಿಡಿ ಎಂದ. ನಾನು ಪರದೆ ನೋಡಿದರೆ ಬುಡದಲ್ಲಿ ದಪ್ಪ ಕೆಂಪು ಪಟ್ಟಿ. ಕೆಸರಿನ ತಳ ತೆಳ್ಳಗೆ ಮಸುಕಾಗಿ ಬರುತ್ತದೆ, ಕಲ್ಲಿನ ತಳ ದಪ್ಪಗೆ ಕೆಂಪಗೆ ಬರುತ್ತದೆ, ಇದು ಯಾವ ಖಲಾಸಿಗೂ ಗೊತ್ತು. ಇಲ್ಲಿ ಬಿಟ್ಟರೆ ಬಲೆ ಚಿಂದಿಯಾಗುತ್ತದೆ ಎಂದೆ. "ಕಲ್ಲಿಲ್ಲ ಮಗಾ, ಕೆಸ್ರು," ಎಂದ ಅಪ್ಪ. ಎರಡು ಸಲ ಹೇಳಿದ. ಏಳು ಜನ ಬಲೆ ಹಿಡಿದು ನಮ್ಮನ್ನೇ ನೋಡುತ್ತ ನಿಂತಿದ್ದರು. ನಾನು ಅವನ ತೋಳು ಹಿಡಿದು ಕ್ಯಾಬಿನ್ನಿಗೆ ಎಳೆದು ತಂದೆ. "ಕಣ್ಣಿದ್ರೆ ನೋಡು. ನಿಂಗೆ ಅರಳು ಮರಳು ಸುರುವಾಯ್ತು," ಎಂದೆ.

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಹೌದಲ್ವಾ ಎಂದ. ಬೋಟಿನ ಮುಂದಿನ ತುದಿಗೆ ಹೋಗಿ ನಮಗೆ ಬೆನ್ನು ಹಾಕಿ ಕೂತ. ಆಮೇಲೆ ಅವನು ಬೋಟು ಹತ್ತಲಿಲ್ಲ.

ಅದೇ ಜಾಗದಲ್ಲಿ ನಿನ್ನ ಅಣ್ಣ ಮಾದೇವಣ್ಣನ ಬೋಟು ಬಲೆ ಎಳೆಯುವುದನ್ನು ನಾನು ಆ ವರ್ಷವೇ ಕಂಡೆ. ನನಗೆ ಅನುಮಾನ ಬರಲಿಲ್ಲ ನೋಡು, ಕನಿಕರ ಬಂತು. ಅಲ್ಲಿ ಕಲ್ಲಿದೆ, ಅಣ್ಣನಿಗೆ ಬಲೆ ಜೋಪಾನ ಎಂದು ಹೇಳು ಎಂದು ನಿನ್ನ ಅಂಗಡಿಗೇ ಬಂದು ಹೇಳಿದೆ. ನೀನು ತಲೆ ತಗ್ಗಿಸಿ ಬೆಸುಗೆ ಹಾಕುತ್ತಲೇ, ಹೇಳ್ತೇನೆ ಎಂದೆ. ಈಗ ಅದು ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಅಪ್ಪ ಮಾತ್ರ ಅಂದಿನಿಂದ ಕುಗ್ಗಿಹೋದ. ಹುಡುಗರು ಜಾಗ ಕೇಳಲು ಬಂದರೆ ಮಷೀನಿಗೆ ಕೇಳಿ ಎನ್ನುತ್ತಾನೆ. ಪೇಟೆಗೆ ಹೋಗಲು ನನ್ನ ಮಗಳು ಮಾನಸಾ ಜೊತೆಗೆ ಬೇಕು. ಒಂದು ದಿನವೂ ದಾರಿ ತಪ್ಪಿದವನಲ್ಲ, ತಪ್ಪಿಯೇನು ಎಂಬ ಹೆದರಿಕೆ. ಎಷ್ಟೋ ವರ್ಷದ ಹಿಂದಿನ ಮಾತು ತೆಗೆದು, ಇದು ನಡೆದದ್ದು ಹೌದಾ, ಇಲ್ಲಾ ನನ್ನ ತಲೆಯೊಳಗಿನದಾ ಎಂದು ಅಮ್ಮನನ್ನು ಕೇಳುತ್ತಾನೆ. ಡಾಕ್ಟರಿಗೆ ತೋರಿಸಿದೆವು. ನೆನಪಿಗೆ ಏನೂ ಆಗಿಲ್ಲ, ನಿಮಗಿಂತ ಚೆನ್ನಾಗಿದೆ ಎಂದರು. ನಾವೂ ವಯಸ್ಸಾಯಿತೆಂದು ಸುಮ್ಮನಾದೆವು.

ಹೋದ ತಿಂಗಳು ಪರದೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲ ಮಾಯವಾಗಿ ನಡುವೆ ಒಂದೇ ಅಡ್ಡಗೆರೆ ಉಳಿಯಿತು. ನಿನಗೆ ಫೋನ್ ಮಾಡಿದರೆ ಹತ್ತಲಿಲ್ಲ. ಏನಾಗಿದೆಯೆಂದು ನನಗೆ ಗೊತ್ತಿತ್ತಲ್ಲ, ಬೋಟನ್ನು ಬಂದರಿಗೆ ತಂದು ಹಾಡಹಗಲಿನಲ್ಲಿ ಸೆಟ್ಟು ಬಿಚ್ಚಿದೆ. ಗಾಜಿನಲ್ಲಿ ನಿಂತ ಕರೆಂಟು ಹೋಗಲೆಂದು ನೀನು ಹೇಳಿಕೊಟ್ಟ ಹಾಗೆ ಸ್ಕ್ರೂಡ್ರೈವರಿಗೆ ವೈರು ಕಟ್ಟಿ ರಬ್ಬರ್ ಟೋಪಿಯ ಕೆಳಗೆ ತೂರಿಸಿದೆ, ಟಪ್ಪೆಂದು ಕಿಡಿ ಹಾರಿತು. ಕಂಡೆನ್ಸರ್ ಸಿಕ್ಕಿತು. ಅದು ನಮ್ಮ ಸೆಟ್ಟಿನದೇ ಅಲ್ಲ, ಯಾವುದೋ ಹಳೆ ಟಿವಿಯಿಂದ ಕಿತ್ತದ್ದು, ತಲೆ ಉಬ್ಬಿತ್ತು, ಕಾಲುಗಳು ತುಕ್ಕು ಹಿಡಿದಿದ್ದವು. ಅದರ ಬೆಸುಗೆಯ ಮೇಲೆ ಎರಡು ಕೆಂಪು ಚುಕ್ಕೆ. ನೀನು ಮುಟ್ಟಿದ ಬೆಸುಗೆಗೆಲ್ಲ ಗುರುತಿಗೆಂದು ಬೇಬಿ ವೈನಿಯ ನೇಲ್ ಪಾಲಿಶ್ ಇಡುತ್ತೀಯಲ್ಲ, ಅದೇ. ಮೋಸ ಮಾಡುವಾಗಲೂ ಕೈಯ ಅಭ್ಯಾಸ ಬಿಡಲಿಲ್ಲ ನೋಡು. ಒಳ್ಳೆಯದನ್ನು ತೆಗೆದು ಕೆಟ್ಟದ್ದನ್ನು ಹಾಕಿದ ಮೆಕ್ಯಾನಿಕ್ಕನನ್ನು ನಾನು ಕಂಡದ್ದು ಇದೇ ಮೊದಲು.

ಪೇಟೆಯಿಂದ ಹೊಸ ಕಂಡೆನ್ಸರ್ ತಂದು ನಾನೇ ಬೆಸೆದೆ. ಚಿತ್ರ ಬುಡದವರೆಗೂ ಇಳಿಯಿತು, ಇಪ್ಪತ್ತು ಎಂಬ ಅಂಕಿ ಸ್ಪಷ್ಟವಾಗಿ ಕಂಡಿತು. ಉಳಿಯಿಂದ ಎಂ-ಸೀಲ್ ಕೆತ್ತಿ ತೆಗೆದೆ. ಹದಿನೆಂಟು ಮಾರಿನ ತಳ ಆ ಮಡಿಕೆಯೊಳಗೇ ಬಿದ್ದು ಕಲ್ಲಿನಂತೆ ದಪ್ಪಗೆ ಕಾಣಲೆಂದೇ ನೀನು ಗುಂಡಿಯನ್ನು ಇಪ್ಪತ್ತಕ್ಕೆ ನಿಲ್ಲಿಸಿದ್ದೆ. ಮರುದಿನ ಅಪ್ಪನ ಜಾಗಕ್ಕೆ ಹೋದರೆ ಹದಿನೆಂಟು ಮಾರಿನಲ್ಲಿ ತಳ ತೆಳ್ಳಗೆ, ಮಸುಕಾಗಿ. ರೇಂಜ್ ತಿರುಗಿಸಿ ನೋಡಿದರೂ ಅದೇ. ಬಲೆ ಬಿಟ್ಟೆವು, ಒಂದು ಕಣ್ಣೂ ಹರಿಯದೆ ಕೆಸರು ಮೆತ್ತಿಕೊಂಡು ಮೇಲೆ ಬಂತು. ಆ ಸಂಜೆ ಬೇರೆ ನಂಬರಿನಿಂದ ಫೋನ್ ಮಾಡಿದೆ, ನೀನು ಎತ್ತಿದೆ. ನಾನು ಕಂಡೆನ್ಸರ್ ಎಂದಷ್ಟೇ ಹೇಳಿದೆ. "ಮಾದೇವಣ್ಣ ಬಿಡ್ಲಿಲ್ಲ ರಾಜೀವ, ನಾ ಎಂತ ಮಾಡೂದು?" ಎಂದು ಇಟ್ಟುಬಿಟ್ಟೆ. ಮೂವತ್ತು ವರ್ಷದ ಗೆಳೆತನಕ್ಕೆ ನಿನ್ನ ಬಳಿ ಇದ್ದ ಉತ್ತರ ಅಷ್ಟೇ.

ನನ್ನ ಕೈಯನ್ನು ಆ ಟೋಪಿಯಿಂದ ಎಳೆದುಕೊಂಡವನೂ ನೀನೇ, ಇದನ್ನು ಮಾಡಿದವನೂ ನೀನೇ. ಇವೆರಡನ್ನೂ ಒಬ್ಬ ಮನುಷ್ಯನೊಳಗೆ ಹೇಗೆ ಇಡುವುದು ಎಂದು ನನಗೆ ತಿಳಿಯುತ್ತಿಲ್ಲ. ಆದರೆ ನೀನು ಸುಳ್ಳು ಹೇಳಿದ್ದು ನನಗೆ. ಅಪ್ಪನಿಗೆ ಹೇಳಿದವನು ನಾನು, ಅದೂ ಏಳು ಜನರ ಎದುರು. ನಿನ್ನ ಮೇಲೆ ಎಷ್ಟು ಸಿಟ್ಟು ಮಾಡಿದರೂ ಅದು ನನ್ನಿಂದ ಕಳೆಯುವುದಿಲ್ಲ.

ಆ ಕೆಸರನ್ನು ಬಕೆಟ್ಟಿನಲ್ಲಿ ತಂದು ಅಪ್ಪನ ಮುಂದಿಟ್ಟೆ. ನೀನು ಹೇಳಿದ್ದೇ ಸರಿಯಾಗಿತ್ತು, ಮಷೀನು ಕೆಟ್ಟಿತ್ತು ಎಂದೆ. ಅವನು ಬೆರಳಿನಲ್ಲಿ ತಿಕ್ಕಿ ಮೂಸಿದ. ಒಂದು ಗಳಿಗೆ ಮುಖ ಅರಳಿದಂತಾಯಿತು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಇದು ಬೇರೆ ಕಡೇದು. ಅಲ್ಲಿ ಕಲ್ಲದೆ ಮಗಾ. ನಾನೇ ನೋಡಿದ್ದೆ, ನೀನೇ ತೋರ್ಸಿದ್ದೆ."

ನಾನು ಕಂಡೆನ್ಸರಿನ ಕತೆ ಹೇಳಿದೆ, ಕಿತ್ತದ್ದನ್ನು ತೋರಿಸಿದೆ, ಕಾಲು ಹಿಡಿದೆ. ತನ್ನನ್ನು ಸಮಾಧಾನ ಮಾಡಲು ಮಗ ಹೀಗೆ ಹೇಳುತ್ತಿದ್ದಾನೆಂದುಕೊಂಡು ಅವನು ನನ್ನ ತಲೆ ಸವರಿದ. ನಿನ್ನ ಹೆಸರು ನಾನು ಎತ್ತಿರಲಿಲ್ಲ, ಯಾರೋ ಕೆಟ್ಟ ಕಂಡೆನ್ಸರ್ ಹಾಕಿದ್ದರು ಎಂದಷ್ಟೇ ಹೇಳಿದ್ದೆ. ಕೊನೆಗೆ ಅವನು ಕೇಳಿದ್ದು ಒಂದೇ ಮಾತು.

"ನಿತೇಶ ಹಾಂಗೆ ಹೇಳ್ದ್ನಾ?"

ಮಷೀನಿನ ಮಾತು ನಿನ್ನ ಬಾಯಿಂದ ಬಂದರೆ ಮಾತ್ರ ಅವನು ನಂಬುತ್ತಾನೆ. ನಿನ್ನಿಂದ ಆಗಬೇಕಾದ ಕೆಲಸ ಇದೇ. ಬೇಲೆಕೇರಿಗೆ ಬಾ. ನಮ್ಮ ಜಗಲಿಯಲ್ಲಿ ಅವನ ಎದುರು ಕೂತು, ಅಲ್ಲಿ ಕೆಸರೇ ಇತ್ತು, ನಾನು ಬೇಕೆಂದೇ ಪರದೆ ಕೆಡಿಸಿದ್ದೆ ಎಂದು ನಿನ್ನ ಬಾಯಿಂದ ಹೇಳು. ನನ್ನ ಹತ್ತಿರ ಕ್ಷಮೆ ಕೇಳಬೇಡ, ಕೊಡುವಷ್ಟು ನನ್ನಲ್ಲಿಲ್ಲ. ಹೇಳಿ, ಒಂದು ಲೋಟ ಚಾ ಕುಡಿದು ಹೋಗು. ಆಮೇಲೆ ನೀನು ನಮ್ಮ ಬಾಗಿಲಿಗೆ ಬರುವುದು ಬೇಡ, ನಾನು ನಿನ್ನ ಅಂಗಡಿಗೆ ಬರುವುದಿಲ್ಲ. ಆದರೆ ಅವನಿಗೆ ಎಪ್ಪತ್ತೆಂಟು, ತಡ ಮಾಡಬೇಡ.

ನಿನ್ನ ಮುಪ್ಪಿನಲ್ಲಿ ನಿನ್ನ ಮಾತನ್ನು ನಿನ್ನ ಮಕ್ಕಳು ನಂಬಲಿ ಎಂದು ಹಾರೈಸುವ,

ರಾಜೀವ