ಎಳೆದಷ್ಟೂ ಬಿಗಿಯುವ ಹಿಡಿತ

ಸಾದಲಿ, ಭಾನುವಾರ

ಇನ್ನೂ ಹೆಸರಿಡದ ನನ್ನ ಕಂದಾ,

ನಿನಗೀಗ ಹೊಟ್ಟೆಯಲ್ಲಿ ಏಳು ತಿಂಗಳು. ಈ ವಾರ ನಿನ್ನನ್ನು ಕಳೆದುಕೊಳ್ಳುವುದರಲ್ಲಿದ್ದೆ. ತಪ್ಪು ನನ್ನದೇ, ಅದನ್ನು ನಿನಗೆ ಹೇಳಿಬಿಡಬೇಕು.

ನಿನ್ನಮ್ಮ ಬೆಂಗಳೂರಿನ ಲ್ಯಾಬಿನಲ್ಲಿ ಒಂದೇ ಒಂದು ಪ್ರೋಟೀನಿನ ಆಕಾರ ನೋಡುತ್ತ ಆರು ವರ್ಷ ಕಳೆದವಳು. ಮೂತ್ರಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಎಳೆಯ ತುದಿಯಲ್ಲಿ ಈ ಪ್ರೋಟೀನು, ಅದರಲ್ಲೊಂದು ಪುಟ್ಟ ಗುಳಿ. ನಮ್ಮ ಜೀವಕೋಶದ ಮೇಲಿನ ಸಕ್ಕರೆಯ ಕಣವೊಂದು ಆ ಗುಳಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಮೂತ್ರ ಹರಿದು ಎಳೆದಾಗ ಪ್ರೋಟೀನು ತುಸು ನೀಳವಾಗಿ, ಗುಳಿ ಮುಚ್ಚಿಕೊಂಡು, ಹಿಡಿತ ಇನ್ನೂ ಬಿಗಿಯಾಗುತ್ತದೆ. ಹರಿವು ನಿಂತರೆ ಸಡಿಲಿಸಿ ಮುಂದಕ್ಕೆ ಸಾಗುತ್ತದೆ. ಕಣ್ಣಿಲ್ಲ, ಮಿದುಳಿಲ್ಲ, ಆದರೂ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ಗೊತ್ತು! ಮೊದಲ ಸಲ ಪರದೆಯ ಮೇಲೆ ಅದನ್ನು ಕಂಡ ದಿನ ಊಟ ಮರೆತು ಕೂತಿದ್ದೆ.

ಇಷ್ಟೆಲ್ಲ ಬಲ್ಲವಳು ಮಾಡಿದ್ದೇನು? ನಿನ್ನಜ್ಜಿ ಅಮ್ಮಾಜಮ್ಮನ ಹುಳದ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುವ ವಾರ. ಹೊರಗೆ ಹೋದವರು ಸ್ನಾನ ಮಾಡದೆ ಮತ್ತೆ ಒಳಗೆ ಬರುವಂತಿಲ್ಲ, ಹುಳಕ್ಕೆ ರೋಗ ತಗಲುತ್ತದೆ. ಅದಕ್ಕೇ ಇಲ್ಲಿನ ಹೆಂಗಸರು ನೀರೇ ಕುಡಿಯದೆ, ಒಂದಕ್ಕೂ ಏಳದೆ, ತಡೆದುಕೊಂಡು ಹಣ್ಣಾದ ಹುಳ ಆರಿಸುತ್ತಾರೆ. ನಾನೂ ಮೂರು ದಿನ ಹಾಗೇ ಕೂತೆ. ಓದಿದರೂ ಮನೆ ಕೆಲಸ ಮರೆತಿಲ್ಲ ಅನ್ನುವ ಜಂಬ ಬೇರೆ. ನಾಲ್ಕನೇ ದಿನ ಮೂತ್ರದ ಸೋಂಕು ಏರಿ ಚಳಿಜ್ವರ. ಚಿಂತಾಮಣಿಯ ಆಸ್ಪತ್ರೆ ತಲುಪುವಷ್ಟರಲ್ಲಿ ಹೊಟ್ಟೆ ಬಿಗಿದು ಬಿಗಿದು ಬರುತ್ತಿತ್ತು. "ಈಗ್ಲೇ ಹೆರಿಗೆ ಆದ್ರೆ ಕಷ್ಟ," ಅಂದರು ಡಾಕ್ಟರು.

ಆಗ ನಿನ್ನಜ್ಜಿ ನನ್ನ ಪಾದ ಹಿಡಿದು ಕೂತು ಹೇಳಿದಳು: "ನಿನಗಿಂತ ಮುಂಚೆ ಒಂದಿತ್ತು ಕಣೇ ಭಾನು. ಅದೂ ಹಣ್ಣುಹುಳದ ಟೈಮೇ, ಏಳನೇ ತಿಂಗಳೇ. ಇದೇ ಚಳಿ, ಇದೇ ಜ್ವರ. ದೃಷ್ಟಿ ಅಂದ್ರು, ತಾಯತ ಕಟ್ಟುದ್ರು. ಹೋಯ್ತಮ್ಮ."

ಮೂವತ್ತೈದು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಬೆರಗಿನಿಂದ ನೋಡುತ್ತಿದ್ದ ಆ ಚೆಲುವಾದ ಗುಳಿಯೇ ನನ್ನ ಅಣ್ಣನನ್ನೋ ಅಕ್ಕನನ್ನೋ ಕೊಂಡೊಯ್ದಿರಬೇಕು. ಬೆರಗು ಹೋಗಲಿಲ್ಲ ಕಂದಾ, ಅದರ ಜೊತೆ ಭಯವೂ ಬಂದು ಕೂತಿತು.

ಔಷಧಿ ನಾಟಿತು. ಎರಡನೇ ದಿನ ಹೊಟ್ಟೆಯ ಬಿಗಿತ ಸಡಿಲವಾಯಿತು, ನೀನು ಒದ್ದೆ. ಅತ್ತುಬಿಟ್ಟೆ. ಸಾಸಿವೆಗಿಂತ ಸಣ್ಣಗಿದ್ದಾಗ ನೀನು ನನ್ನ ಗರ್ಭದ ಗೋಡೆಗೆ ಅಂಟಿದ್ದೂ ಅಲ್ಲಿನ ಸಕ್ಕರೆಯ ಕಣಗಳನ್ನು ಹಿಡಿದೇ. ಯಾರು ಹೇಳಿಕೊಟ್ಟರು ನಿನಗೆ?

ನಿನ್ನೆ ಮನೆಗೆ ಬಂದಾಗ ಪಕ್ಕದ ಕೊಠಡಿಯ ಹುಳ ಹಣ್ಣಾಗಿತ್ತು. ನಿನ್ನಜ್ಜಿ ಬಾಗಿಲಲ್ಲೇ ನಿಂತು, ಹುಳ ಆರಿಸಲು ಬಂದ ಐದು ತಿಂಗಳ ಬಸುರಿ ಪದ್ಮಶ್ರೀಯ ಕೈಗೆ ಚೊಂಬು ನೀರಿಟ್ಟು ಗದರುತ್ತಿದ್ದಳು: "ಕುಡಿಯಮ್ಮ. ಎದ್ದು ಹೋಗ್ಬಾ. ಹುಳ ಹೋದ್ರೆ ಇನ್ನೊಂದು ಬೆಳೆ ಇಡ್ತೀನಿ."

ಇನ್ನು ಎಂಟು ವಾರ ಅಲ್ಲೇ ಇರು, ಕಂದಾ. ದಿನ ತುಂಬಿ, ಮೈ ತುಂಬಿ ಬಾ. ನೂರು ವರ್ಷ ಬಾಳು.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಭಾನುಪ್ರಿಯಾ